ಬಿರುಕಣ್ಣನ ಸ್ವಂತ ಮನೆ

ವಿಮಾ ಕಚೇರಿಯಲ್ಲಿ ಅವನಿಗೆ ಬಿರುಕಣ್ಣ ಎಂದು ಹೆಸರು ಬಿದ್ದು ಹದಿನೈದು ವರ್ಷವಾಗಿತ್ತು. ಬೆಂಕಿ ಬಿದ್ದ, ನೀರು ನುಗ್ಗಿದ, ಗೋಡೆ ಕುಸಿದ ಮನೆಗಳಿಗೆ ಹೋಗಿ, ಹಾನಿ ಹೇಗಾಯಿತು, ಯಾರ ತಪ್ಪಿನಿಂದಾಯಿತು ಎಂದು ನೋಡಿ ವರದಿ ಬರೆಯುವುದು ಅವನ ಕೆಲಸ. ಬಿರುಕುಗಳ ಅಣ್ಣನೋ, ಬಿರುಕು ಕಾಣುವ ಕಣ್ಣಿನವನೋ ಎಂದು ಸಹೋದ್ಯೋಗಿಗಳು ಚಹಾದ ಹೊತ್ತಿನಲ್ಲಿ ವಾದ ಮಾಡುತ್ತಿದ್ದರು. ಅವನಿಗೆ ಎರಡೂ ಒಪ್ಪಿಗೆ. ಬೆರಳ ಗಂಟಿನಿಂದ ಗೋಡೆಯನ್ನು ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ‘ಹ್ಞೂಂ’ ಎಂದಾಗ ಮನೆಯವರ ಮುಖ ಬಿಳುಚಿಕೊಳ್ಳುವುದನ್ನು ತಾನು ಒಳಗೊಳಗೇ ಸವಿಯುತ್ತಿದ್ದೆನೆಂದು ಆಮೇಲೆ ಅವನೇ ಒಪ್ಪಿಕೊಂಡಿದ್ದಾನೆ. ‘ಸರಿಯಾಗಿ ನೋಡಿಕೊಂಡಿಲ್ಲ’ ಎಂದು ಅವನು ಎಷ್ಟು ಮನೆಗಳ ಬಗ್ಗೆ ಬರೆದಿದ್ದನೋ ಲೆಕ್ಕವಿಲ್ಲ.

ಅಂಥವನು, ನೋಡಲು ಬಂದವರೆಲ್ಲ ಮೂಗು ಮುರಿದು ಹೋಗಿದ್ದ, ಆರು ವರ್ಷದಿಂದ ಬೀಗ ಹಾಕಿದ್ದ ಒಂದು ಹಳೆಯ ಮಹಡಿಮನೆಯನ್ನು ಕೊಂಡುಕೊಂಡ.

ಮನಸ್ಸು ಕೊಟ್ಟದ್ದು ಮೆಟ್ಟಿಲಿನ ಪಕ್ಕದ ಮರದ ಕಟಾಂಜನಕ್ಕೆ. ಯಾರ್ಯಾರದೋ ಅಂಗೈ ಸವರಿ ಸವರಿ ಅದು ನುಣುಪಾಗಿ, ಜೇನಿನ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಕೈಯಿಟ್ಟ ಗಳಿಗೆಯಲ್ಲಿ ಅವನ ಹದಿನೈದು ವರ್ಷದ ಅನುಭವ ತೆಪ್ಪಗೆ ಹಿಂಬಾಗಿಲಿನಿಂದ ಹೊರಟುಹೋಯಿತು. ಹಾಗೆಂದು ದೋಷಗಳು ಕಾಣಲಿಲ್ಲವೆಂದಲ್ಲ. ನಲವತ್ತೊಂದು ದೋಷಗಳನ್ನು ಪಟ್ಟಿ ಮಾಡಿ, ಮನೆಗೆ ಬಂದು ಹೆಂಡತಿಯ ಮುಂದೆ ಹೆಮ್ಮೆಯಿಂದ ಓದಿದ. ಎಲ್ಲವೂ ಗೊತ್ತಿರುವ ದೋಷಗಳಾದ್ದರಿಂದ ಅವು ದೋಷಗಳೇ ಅಲ್ಲ ಎಂಬುದು ಅವನ ವಾದ.

ಹೆಂಡತಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು. “ಈ ಮನೆಯನ್ನ ಬೇರೆ ಯಾರಾದ್ರೂ ತಗೊಂಡಿದ್ರೆ ನೀವೇನಂತಿದ್ರಿ?”

“ಬೇರೆಯವರಿಗೆ ನನ್ನ ಕಣ್ಣಿಲ್ವಲ್ಲ” ಎಂದ ಅವನು. ಈ ಮಾತು ನೆನಪಾದಾಗಲೆಲ್ಲ ಅವನಿಗೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬಾಡಿಗೆ ಮನೆ ಬಿಡಬೇಕಾಗಿ ಬಂದದ್ದರಿಂದ ದುರಸ್ತಿ ಮುಗಿಯುವ ಮೊದಲೇ ನಾಲ್ಕು ಜನರೂ ಹೊಸ ಮನೆಯ ಮಹಡಿ ಸೇರಿದರು: ಅವನು, ಹೆಂಡತಿ, ಹನ್ನೊಂದು ವರ್ಷದ ಮಗಳು, ಮತ್ತು ಎರಡು ವರ್ಷದಿಂದ ಅವರ ಜೊತೆಗೇ ಇದ್ದ ಅತ್ತೆ. ಅತ್ತೆ ಮಿತಭಾಷಿ. ಯಾವುದೋ ಹಾಸ್ಟೆಲಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು ಎಂಬುದಷ್ಟೇ ಅಳಿಯನಿಗೆ ಗೊತ್ತಿದ್ದದ್ದು. ಬಹುಶಃ ತಟ್ಟೆ ಲೋಟ ಎಣಿಸುವ ಕೆಲಸವಿರಬೇಕೆಂದು ಅವನು ತಾನೇ ಊಹಿಸಿಕೊಂಡಿದ್ದ.

ಕೆಳಗಿನ ನಡುಮನೆಯ ಗೋಡೆಯೊಂದರಲ್ಲಿ ಆಳೆತ್ತರದ ತೇವದ ಕಲೆಯಿತ್ತು. ಬಿರುಕಣ್ಣ ತಟ್ಟಿ ನೋಡಿ, ‘ಹ್ಞೂಂ’ ಎಂದು, ನೀರು ತಾರಸಿಯಿಂದಲೇ ಇಳಿಯುತ್ತಿದೆ ಎಂದು ತೀರ್ಪು ಕೊಟ್ಟ. ಗಾರೆ ಮೇಸ್ತ್ರಿ ತಲೆ ಕೆರೆದುಕೊಂಡು, ಇನ್ನೊಮ್ಮೆ ನೋಡೋಣವೇ ಎಂದು ಮೆಲ್ಲಗೆ ಕೇಳಿದ. ಇಂಥ ಸಾವಿರ ಗೋಡೆ ನೋಡಿದ್ದೇನೆ ಎಂದು ಅವನ ಬಾಯಿ ಮುಚ್ಚಿಸಿದ್ದಾಯಿತು. ಮೂರು ವಾರ ತಾರಸಿ ಅಗೆದು, ಜಲ್ಲಿ ಹಾಕಿ, ಹೊಸ ಗಾರೆ ಬಳಿದು, ನೀರು ಕಟ್ಟಿ ಹದ ಮಾಡಿದ್ದೂ ಆಯಿತು. ಗೋಡೆ ಮಾತ್ರ ಒಣಗಲಿಲ್ಲ. ಹಳೆಯ ತೇವ ಆರಲು ಸಮಯ ಬೇಕು, ತಾಳ್ಮೆಯಿರಲಿ ಎಂದು ಅವನು ಎಲ್ಲರಿಗೂ ಉಪದೇಶ ಮಾಡಿದ. ಕಲೆಯೂ ಆ ಉಪದೇಶ ಕೇಳಿಸಿಕೊಂಡಂತೆ ತಾಳ್ಮೆಯಿಂದ ಇನ್ನೊಂದು ಗೇಣು ಅಗಲವಾಯಿತು.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಅವನು ಕಚೇರಿಯಿಂದ ಬಂದು ನೋಡುತ್ತಾನೆ, ಗೋಡೆ ನೀಲಿಯಾಗಿದೆ. ಕಲೆಯ ನಡುವಿನಿಂದ ತಿಳಿ ನೀಲಿ ಪಟ್ಟೆಯೊಂದು ಬೆರಳುಗಳ ಹಾಗೆ ಕವಲೊಡೆದು ಕೆಳಕ್ಕಿಳಿದಿತ್ತು. ಹದಿನೈದು ವರ್ಷದಲ್ಲಿ ಅವನು ಹಸಿರು ಪಾಚಿ ಕಂಡಿದ್ದ, ಕಪ್ಪು ಬೂಷ್ಟು ಕಂಡಿದ್ದ, ಬಿಳಿ ಉಪ್ಪು ಕಂಡಿದ್ದ. ನೀಲಿ ಕಂಡಿರಲಿಲ್ಲ. ಅವನ ಎದೆ ಹಿಗ್ಗಿತು.

ಮನೆಯವರನ್ನೆಲ್ಲ ಕೂಗಿ ಕರೆದ. ಟಾರ್ಚು ಬಂತು, ಅಳತೆಯ ಟೇಪು ಬಂತು. ಎಲ್ಲ ದಿಕ್ಕಿನಿಂದ ಫೋಟೋ ತೆಗೆದ. ಹಳೆಯ ಗಾರೆಯಲ್ಲಿ ತಾಮ್ರದ ಅಂಶವಿರಬೇಕು, ಅದು ಸುಣ್ಣದ ಜೊತೆ ಸೇರಿ ಹೀಗಾಗಿರಬೇಕು, ಇಲ್ಲವೇ ಇದು ಅಪರೂಪದ ಶಿಲೀಂಧ್ರ, ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕರೊಬ್ಬರನ್ನು ಕರೆಸಿ ತೋರಿಸಬೇಕು ಎಂದೆಲ್ಲ ವಿವರಿಸಿದ. ಮಗಳ ಕೈಗೆ ಪುಸ್ತಕ ಪೆನ್ನು ಕೊಟ್ಟು, ತಾನು ಹೇಳಿದ್ದನ್ನು ಬರೆದುಕೊಳ್ಳಲು ಹೇಳಿದ. ಅತ್ತೆ ನೆಲ ನೋಡುತ್ತ ನಿಂತಿದ್ದರು. ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು, ಅವಳ ಭುಜಗಳು ಮಾತ್ರ ಅಲುಗುತ್ತಿದ್ದವು. ಅಲ್ಲೇ ಬಾಗಿಲಿಗೆ ಚೌಕಟ್ಟು ಕೂರಿಸುತ್ತಿದ್ದ ಮೇಸ್ತ್ರಿಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿತು.

ಮಗಳು ಎರಡು ಸಾಲು ಬರೆದು ಪೆನ್ನು ಕೆಳಗಿಟ್ಟಳು. “ಅಪ್ಪಾ, ಅದು ತಾಮ್ರ ಅಲ್ಲ. ಅಜ್ಜಿ ಹಾಕಿದ ನೀಲಿ. ಬಟ್ಟೆಗೆ ಹಾಕೋದು.”

ನಡೆದದ್ದಿಷ್ಟು. ಮೂರು ದಿನಗಳಿಂದ, ಅಳಿಯ ಕಚೇರಿಗೆ ಹೋದ ಮೇಲೆ, ಅತ್ತೆ ಮಹಡಿಯ ಬಚ್ಚಲುಮನೆಯಲ್ಲಿ ಒಂದು ಬಕೆಟ್ ನೀರಿಗೆ ನೀಲಿ ಕಲಸಿ ಸುರಿಯುತ್ತಿದ್ದರು. ಬಚ್ಚಲ ನೀರು ಹೋಗುವ ಕೊಳವೆ ಆ ಗೋಡೆಯೊಳಗೇ ಇಳಿದಿತ್ತು. ಅದೆಲ್ಲೋ ಸೀಳಿದೆಯೆಂಬುದು ಅವರ ಅನುಮಾನ.

ಅವರು ತಲೆಯೆತ್ತದೆಯೇ ಹೇಳಿದರು. “ಭಾನುವಾರ ಕಲೆ ಜಾಸ್ತಿಯಾಗ್ತಿತ್ತು. ಅವತ್ತೇ ಎಲ್ಲರೂ ನಿಧಾನಕ್ಕೆ ಸ್ನಾನ ಮಾಡೋದು, ಬಟ್ಟೆ ಒಗೆಯೋದು. ತಾರಸಿಗೆ ಭಾನುವಾರ ಯಾವುದು ಸೋಮವಾರ ಯಾವುದು ಅಂತ ಗೊತ್ತಾಗಲ್ಲ ನೋಡಿ. ನೀವು ತಿಳಿದೋರು, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ.”

ಬಿರುಕಣ್ಣ ಮೇಸ್ತ್ರಿಯ ಕಡೆ ತಿರುಗಿದ. ಇದೊಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಮೇಸ್ತ್ರಿಯನ್ನು ಕೆದಕಿದಾಗ ಮಿಕ್ಕದ್ದೂ ಹೊರಬಿತ್ತು. ಅಡುಗೆಮನೆಯ ಕಟ್ಟೆಯ ಎತ್ತರ, ಕಿಟಕಿಗಳ ಸಜ್ಜಾ, ಹಿತ್ತಲ ಚರಂಡಿಯ ಇಳಿಜಾರು, ಎಲ್ಲವೂ ಒಂದೂವರೆ ತಿಂಗಳಿಂದ ಅತ್ತೆ ಹೇಳಿದಂತೆ ನಡೆದಿತ್ತು. ಬೆಳಿಗ್ಗೆ ಅಳಿಯ ಅಪ್ಪಣೆ ಕೊಡುವುದು, ಮೇಸ್ತ್ರಿ ತಲೆಯಾಡಿಸುವುದು, ಅವನ ಸ್ಕೂಟರು ತಿರುವು ದಾಟಿದ ಮೇಲೆ ಕೆಲಸ ಶುರುವಾಗುವುದು. ಸಂಜೆ ಅವನು ಬಂದು ನೋಡಿ, ತನ್ನ ಮಾತಿನಂತೆಯೇ ಆಗಿದೆಯೆಂದು ಬೆನ್ನು ತಟ್ಟಿಕೊಳ್ಳುವುದು.

“ನೀವು ಹೇಳಿದ್ದು ತಪ್ಪು ಅಂತಲ್ಲ ಸಾರ್” ಎಂದ ಮೇಸ್ತ್ರಿ. “ಅಮ್ಮ ಹೇಳಿದ್ದು ಮಾಡಿದ್ರೆ ಅದೇ ಕೆಲಸ ಎರಡನೇ ಸಲ ಮಾಡೋದು ತಪ್ಪುತ್ತೆ.”

ಬಿರುಕಣ್ಣ ಮೆಟ್ಟಿಲು ಹತ್ತಿ ತಾರಸಿಗೆ ಹೋದ. ಊರಿಗೆಲ್ಲ ಅತ್ಯಂತ ಗಟ್ಟಿಯಾದ, ಯಾರಿಗೂ ಬೇಡವಾಗಿದ್ದ ಆ ತಾರಸಿಯ ಮೇಲೆ ಚಪ್ಪಲಿ ಕಳಚಿಟ್ಟು ಮುಖ ಊದಿಸಿಕೊಂಡು ಕೂತ. ಬಿಸಿಲು ಸುಡುತ್ತಿತ್ತು. ಎದ್ದು ಹೋಗಲು ಅಭಿಮಾನ ಬಿಡಲಿಲ್ಲ. ಯಾರಾದರೂ ಬಂದು ಕರೆಯಲಿ ಎಂದು ಕಾದ, ಬಂದರೆ ಹೋಗಬಾರದು ಎಂದೂ ನಿಶ್ಚಯಿಸಿದ. ನಲವತ್ತಾರು ವರ್ಷದ ಮನುಷ್ಯನ ಯೋಚನೆ ಇದೇನಾ ಎಂದು ಅವನಿಗೇ ಅನ್ನಿಸಿತು, ಆದರೂ ಕೂತೇ ಇದ್ದ.

ಅರ್ಧ ಗಂಟೆಯ ಮೇಲೆ ಹೆಂಡತಿ ಬಂದಳು. ಅವಳ ಮುಖದಲ್ಲಿ ನಗು ಉಳಿದಿರಲಿಲ್ಲ. “ಅಮ್ಮ ಬ್ಯಾಗಿಗೆ ಬಟ್ಟೆ ತುಂಬ್ತಿದಾಳೆ. ಸ್ವಲ್ಪ ದಿನ ತಮ್ಮನ ಮನೇಲಿ ಇರ್ತೀನಿ, ಅಳಿಯಂದಿರಿಗೆ ಬೇಜಾರಾಗಿದೆ ಅಂತಿದಾಳೆ.”

ಆ ಮಾತು ಅವನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ತನ್ನ ಮನೆಯಲ್ಲಿರುವ ಹಿರಿಯ ಜೀವವೊಂದು ತನಗೆ ಹೆದರಿ, ಕಳ್ಳತನ ಮಾಡುವವರ ಹಾಗೆ ಕದ್ದು ಮುಚ್ಚಿ ಮನೆ ರಿಪೇರಿ ಮಾಡಿಸುವಂತಾಯಿತಲ್ಲ ಎನಿಸಿತು. “ಅತ್ತೆ ಹಾಸ್ಟೆಲಿನಲ್ಲಿ ಏನು ಕೆಲಸ ಮಾಡ್ತಿದ್ರು?” ಎಂದು ಕೇಳಿದ.

ಮದುವೆಯಾಗಿ ಹದಿನೆಂಟು ವರ್ಷವಾದ ಮೇಲೆ ಕೇಳುತ್ತಿದ್ದಾನಲ್ಲ ಎಂಬಂತೆ ಹೆಂಡತಿ ಅವನನ್ನು ನೋಡಿದಳು. ಅರವತ್ತು ಕೋಣೆಯ ಹಳೇ ಕಟ್ಟಡ, ಅದರ ಉಸ್ತುವಾರಿ ಇಪ್ಪತ್ತಾರು ವರ್ಷ ಅವರದ್ದೇ ಆಗಿತ್ತಂತೆ. ಸೋರುವ ನಲ್ಲಿಯಿಂದ ಹಿಡಿದು ಬೀಳುವ ಚಾವಣಿಯವರೆಗೆ, ಎಂಜಿನಿಯರು ಬರುವುದು ಸಾಧ್ಯವಿಲ್ಲವೆಂದಾಗ ಅವರೇ ನಿಂತು ಮಾಡಿಸುತ್ತಿದ್ದರಂತೆ.

ಬಿರುಕಣ್ಣ ಚಪ್ಪಲಿಯನ್ನೂ ಹಾಕಿಕೊಳ್ಳದೆ ಕೆಳಗಿಳಿದ. ಅತ್ತೆ ಕೋಣೆಯಲ್ಲಿ ಸೀರೆ ಮಡಿಚುತ್ತಿದ್ದರು. ಕ್ಷಮೆ ಕೇಳಬೇಕೆಂದು ಮೆಟ್ಟಿಲಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಬಾಗಿಲಿಗೆ ಬಂದಾಗ ಬಾಯಿಗೆ ಬಂದದ್ದು ಬೇರೆಯೇ.

“ಅತ್ತೆ, ಗೋಡೆ ಎಲ್ಲಿಂದ ಒಡೀಬೇಕು?” ಎಂದು ಕೇಳಿದ.

ಅವರು ಸೀರೆಯನ್ನು ಮಂಚದ ಮೇಲೆ ಹಾಕಿ, ಮೊಮ್ಮಗಳ ಚೀಲದಿಂದ ಸೀಮೆಸುಣ್ಣ ತೆಗೆದುಕೊಂಡು, ನಡುಮನೆಗೆ ಬಂದು ಗೋಡೆಯ ಮೇಲೆ ಮೊಳದುದ್ದದ ಗೆರೆ ಎಳೆದರು. “ಇಲ್ಲಿಂದ. ಮೆಲ್ಲಗೆ ಹೊಡೀರಿ, ಕೊಳವೆ ಹಳೇದು.”

ಉಳಿ ಸುತ್ತಿಗೆ ಹಿಡಿದು ಅವನೇ ಒಡೆದ. ಎರಡು ಸಲ ಬೆರಳಿಗೆ ಹೊಡೆದುಕೊಂಡ. ಗಾರೆ ಕಳಚಿ, ಇಟ್ಟಿಗೆ ಕಳಚಿ, ಒಳಗೆ ಒದ್ದೆಯಾದ ಕೊಳವೆ ಕಂಡಿತು. ಎರಡು ತುಂಡು ಕೂಡುವ ಕಡೆ ಕಿರುಬೆರಳಿನುದ್ದದ ಸೀಳು, ಅದರ ಅಂಚಿಗೆ ನೀಲಿ. ಮೇಸ್ತ್ರಿ ಬಗ್ಗಿ ನೋಡಿ, ಸೌಜನ್ಯಕ್ಕೆಂದು ಏನೂ ಹೇಳಲಿಲ್ಲ. ಹೇಳಿದ್ದು ಬಿರುಕಣ್ಣನೇ. ಇದನ್ನು ವರದಿಯಲ್ಲಿ ಬರೆಯುವುದಾದರೆ ತಾನು ಹೇಗೆ ಬರೆಯುತ್ತಿದ್ದೆ ಗೊತ್ತೇ ಎಂದು ಅತ್ತೆಯನ್ನು ಕೇಳಿ, ವರದಿಯ ಗಂಭೀರ ಧ್ವನಿಯಲ್ಲಿ, ಹಾನಿಗೆ ಕಾರಣ ಮನೆಯ ಯಜಮಾನನ ಗಟ್ಟಿ ತಲೆ ಎಂದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ಅವನು ನೋಡಿದ್ದು ಅದೇ ಮೊದಲು.

ದುರಸ್ತಿ ಮುಗಿಯಲು ಇನ್ನೂ ಎಂಟು ತಿಂಗಳು ಹಿಡಿಯಿತು. ಬೆಳಗಿನ ಅಪ್ಪಣೆ ಈಗ ಬಹಿರಂಗವಾಗಿಯೇ ಅತ್ತೆಯದಾಯಿತು. ರಜೆಯ ದಿನಗಳಲ್ಲಿ ಅಳಿಯನಿಗೂ ಕೆಲಸ ಸಿಗುತ್ತಿತ್ತು: ಉಪ್ಪುಕಾಗದ ಹಾಕಿ ಮರ ಉಜ್ಜುವುದು, ಮರಳು ಸೋಸುವುದು, ಬಣ್ಣದ ಡಬ್ಬಿ ಕಲಕುವುದು. ಸೋಸಿದ ಮರಳಿನಲ್ಲಿ ಅತ್ತೆಗೆ ಕಲ್ಲು ಸಿಕ್ಕರೆ ಅದು ಅವನಿಗೇ ವಾಪಸು ಬರುತ್ತಿತ್ತು.

ಒಂದು ಕೆಲಸವನ್ನು ಮಾತ್ರ ಹಟ ಹಿಡಿದು ಪೂರ್ತಿ ತಾನೇ ಮಾಡಿದ. ಮಹಡಿಯ ಬಚ್ಚಲಿನ ಬಾಗಿಲು ಬಿಗಿಯೆಂದು ಕೀಸುಳಿಯಿಂದ ಕೀಸಿದ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಕೀಸಿ ಕೀಸಿ, ಕೊನೆಗೆ ಅಗುಳಿ ಎಷ್ಟು ಚಾಚಿದರೂ ಚೌಕಟ್ಟಿಗೆ ಎಟುಕದಂತಾಯಿತು. ಅಂದಿನಿಂದ ಆ ಮನೆಯಲ್ಲಿ ಸ್ನಾನಕ್ಕೆ ಹೋದವರು ಜೋರಾಗಿ ಹಾಡಬೇಕು. ಹೆಂಡತಿ ಹಾಡುತ್ತಾಳೆ, ಮಗಳು ಮಗ್ಗಿ ಹೇಳುತ್ತಾಳೆ, ಅತ್ತೆ ಸುಮ್ಮನೆ ಕೆಮ್ಮುತ್ತಾರೆ. ಮೇಸ್ತ್ರಿ ಬಂದಾಗಲೆಲ್ಲ ಒಂದು ಮರದ ಪಟ್ಟಿ ಹೊಡೆದು ಸರಿ ಮಾಡಿಕೊಡುತ್ತೇನೆ ಎನ್ನುತ್ತಾನೆ.

“ಇರ್ಲಿ ಬಿಡು” ಎನ್ನುತ್ತಾರೆ ಅತ್ತೆ. “ಅದು ನಮ್ಮ ಅಳಿಯಂದಿರು ಮಾಡಿದ್ದು.”