ಹಾಡಿಗೂ ಬಂದರಿಗೂ ಎರಡೇ ಸ್ಪೀಕರು

ಇಪ್ಪತ್ತೆಂಟು ವರ್ಷದಲ್ಲಿ ಅತ್ತೆಯ ದೋಣಿಯನ್ನು ಒಂದು ಬಂಡೆ ಸವರಿದ್ದಿಲ್ಲ, ಒಬ್ಬ ಪ್ರಯಾಣಿಕ ನೀರಿಗೆ ಬಿದ್ದದ್ದಿಲ್ಲ. ಅಂಥವಳಿಗೆ ಕುತ್ತು ತಂದದ್ದು ಹಾಡು. ಎದುರಿನ ದ್ವೀಪಕ್ಕೆ ಜನರನ್ನು ದಾಟಿಸುವಾಗ ಸ್ಟೀರಿಯೋ ಹಾಡುತ್ತಿರಬೇಕು. ಇಲ್ಲದಿದ್ದರೆ ಇಂಜಿನ್ನಿನ ಗುಡುಗುಡು ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆದರೆ ಬಂದರಿನವರು ಮಾತಾಡುವ ರೇಡಿಯೋಕ್ಕೆ ಇದ್ದದ್ದು ಬೆಂಕಿಪೊಟ್ಟಣದಷ್ಟು ಸ್ಪೀಕರು. ಹಾಡಿನ ನಡುವೆ ಅದು ಗುಂಯ್‌ಗುಟ್ಟಿದರೆ ಸೊಳ್ಳೆ ಅಂದುಕೊಳ್ಳಬೇಕು, ಅಷ್ಟೆ. ಬಂದರಿನವರು ಎರಡು ಸಲ ಕರೆದು ನೋಡಿದರು, ಉತ್ತರ ಬರಲಿಲ್ಲ. ಕೊನೆಯ ಸಲ ಗುರುವಾರ ಮಧ್ಯಾಹ್ನದ ಓಟದಲ್ಲಿ ಕರೆಯುತ್ತೇವೆ, ಅಂದೂ ಮಾತಾಡದಿದ್ದರೆ ನಿಮ್ಮ ದೋಣಿ ಬಂದರಿನ ತಡೆಗೋಡೆ ದಾಟಿ ಕಡಲಿಗೆ ಇಳಿಯುವಂತಿಲ್ಲ ಎಂದು ಚೀಟಿ ಕಳಿಸಿದರು.

ಚುಕ್ಕಾಣಿಯ ಎರಡು ಬದಿಗೂ ಒಂದೊಂದು ಒಳ್ಳೆಯ ಸ್ಪೀಕರು ಇತ್ತು, ಎರಡೂ ಸ್ಟೀರಿಯೋದವು. ಮತ್ತೆರಡಕ್ಕೆ ತೂತು ಕೊರೆಯೋಣವೆಂದರೆ ಒಂದು ಕಡೆ ಡೀಸೆಲ್ ಟ್ಯಾಂಕು, ಇನ್ನೊಂದು ಕಡೆ ಚುಕ್ಕಾಣಿಯ ಸರಪಳಿ. ಇರುವ ಎರಡನ್ನೇ ಹಾಡಿಗೂ ಬಂದರಿಗೂ ಹಂಚಬೇಕು. ಮೊದಲು ಮಗ ತನ್ನ ಬುದ್ಧಿ ಓಡಿಸಿದ. ರೇಡಿಯೋದ ಕಪ್ಪು ವೈರನ್ನೂ ಸ್ಟೀರಿಯೋದ ಕಪ್ಪು ವೈರನ್ನೂ ಒಟ್ಟಿಗೆ ಹೊಸೆದು, "ಕಪ್ಪು ಕಪ್ಪೇ ತಾನೆ" ಅಂದ. ಸ್ಟೀರಿಯೋ ಒಮ್ಮೆ ಕೆಮ್ಮಿ, ಹೊಗೆ ಬಿಟ್ಟು ತಣ್ಣಗಾಯಿತು. ಹೊಸದು ಬಂತು. ಅದರ ಹಿಂದೆಯೇ ಸೊಸೆಯೂ ಬಂದಳು. ದೋಣಿ ಕಟ್ಟುವ ಶೆಡ್ಡಿನಲ್ಲಿ ವೈರಿಂಗ್ ಅವಳ ಕಸುಬು.

"ಈ ಎರಡು ಕಪ್ಪಿಗೂ ಆಗಿಬರಲ್ಲ ಅತ್ತೆ. ಸ್ಪೀಕರನ್ನ ಒಂದ್ರಿಂದ ಇನ್ನೊಂದಕ್ಕೆ ಬದಲಿಸೋವಾಗ ಕಪ್ಪು ಕೆಂಪು ಎರಡನ್ನೂ ಬಿಡಿಸ್ಬೇಕು. ನಿಮ್ಮ ಮಗಂಗೆ ಸ್ವಲ್ಪ ಹೇಳಿ."

"ನಿನ್ನ ಗಂಡ, ನೀನೇ ಹೇಳ್ಕೊ. ನಂಗೊಂದು ಸ್ವಿಚ್ ಹಾಕ್ಕೊಡು ಸಾಕು. ಈ ಕಡೆ ಒತ್ತಿದ್ರೆ ಹಾಡು, ಆ ಕಡೆ ಒತ್ತಿದ್ರೆ ಬಂದರು."

"ಕೈ ಮರೆಯುತ್ತೆ ಅತ್ತೆ."

"ನನ್ನ ಕೈ? ನೀನು ಹುಟ್ಟೋಕೆ ಮುಂಚಿಂದ ಚುಕ್ಕಾಣಿ ಹಿಡಿದಿರೋ ಕೈ ಕಣೇ ಇದು!"

ಸೊಸೆ ಸ್ವಿಚ್ಚನ್ನು ಟೇಪಿನಲ್ಲಿ ಅಂಟಿಸಿ, ಬುಧವಾರ ಇಡೀ ದಿನ ಪಕ್ಕದಲ್ಲಿ ಕೂತು ಜೊತೆಗೇ ಓಡಾಡಿದಳು. ಆಗಾಗ ಪೆನ್ಸಿಲ್ ತೆಗೆದು ಚುಕ್ಕಾಣಿಯ ಮುಂದಿನ ಹಲಗೆಯ ಮೇಲೆ ಒಂದು ಗೀಟು ಎಳೆಯುತ್ತಿದ್ದಳು. ಸಂಜೆ ಹಗ್ಗ ಕಟ್ಟುವ ಹೊತ್ತಿಗೆ ಒಂಬತ್ತು ಗೀಟು.

"ಏನೇ ಅದು?"

"ಹಾಡು ಕೇಳಿ ಆದ್ಮೇಲೆ ನೀವು ಸ್ವಿಚ್ ವಾಪಸ್ ಬಂದರಿನ ಕಡೆ ಒತ್ತದೇ ಇದ್ದದ್ದು."

ಅತ್ತೆ ಗೀಟುಗಳನ್ನು ಎರಡು ಸಲ ಎಣಿಸಿದಳು. ಒಂದಾದರೂ ಹೆಚ್ಚು ಬಿದ್ದಿರಬಹುದೇ ಎಂದು ಹುಡುಕಿದಳು. ಆಮೇಲೆ, "ಸರಿ, ನಿಂಗೆ ತೋಚಿದ ಹಾಗೆ ಮಾಡು" ಎಂದು ಮುಖ ತಿರುಗಿಸಿದಳು.

ಮರುದಿನ ಬೆಳಿಗ್ಗೆ ಸೊಸೆ ಹಲಗೆಯ ಕೆಳಗೆ ಅಂಗಾತ ಮಲಗಿ ಕೆಲಸಕ್ಕೆ ತೊಡಗಿದಳು. ಟಾರ್ಚ್ ಹಿಡಿದು ಕೂತ ಅತ್ತೆ ಮೊದಲು ತಪ್ಪು ಹುಡುಕಲೆಂದೇ ನೋಡಿದಳು. ಆಮೇಲೆ ನೋಡುವುದಕ್ಕೇ ನೋಡಿದಳು. ಪ್ರತಿ ವೈರಿಗೂ ಚೀಟಿ. ಪ್ರತಿ ಜೋಡಣೆಯನ್ನೂ ಹಲ್ಲು ಕಚ್ಚಿ ಎಳೆದು ನೋಡುವುದು; ಬಿಟ್ಟುಕೊಂಡರೆ ಬೈಗುಳವಿಲ್ಲದೆ ಮತ್ತೆ ಮೊದಲಿನಿಂದ. ಇಂಜಿನ್ನಿನ ನಡುಕಕ್ಕೆ ತುಂಡಾಗದಿರಲೆಂದು ವೈರಿಗೆ ಅಲ್ಲಲ್ಲಿ ಒಂದಿಷ್ಟು ಸಡಿಲ. ಹೊಲಿಗೆಯಲ್ಲಿ ಕೈ ಪಳಗಿದವರು ಬಟ್ಟೆಗೆ ಬಿಡುತ್ತಾರಲ್ಲ, ಹಾಗೆ. ನಡುವೆ ಅಂಗೈಯಗಲದ ಒಂದು ಡಬ್ಬಿ.

"ರೇಡಿಯೋ ಬಾಯಿ ತೆಗೆದ್ರೆ ಸಾಕು, ಈ ಡಬ್ಬಿಗೆ ಗೊತ್ತಾಗುತ್ತೆ. ಹಾಡು ತಾನಾಗೇ ಜಾಗ ಬಿಡುತ್ತೆ. ಮಾತು ಮುಗಿದ ಮೇಲೆ ಮತ್ತೆ ಹಾಡು."

"ಡಬ್ಬಿಯೇ ಕೆಟ್ಟು ಕೂತ್ರೆ?"

ಸೊಸೆ ತಲೆ ಹೊರಗೆ ಹಾಕಿ ನಕ್ಕಳು. "ನಾನು ಮೊದಲು ಯೋಚ್ನೆ ಮಾಡಿದ್ದೇ ಅದನ್ನ. ಕೆಟ್ರೆ ಯಾವ ಕಡೆ ಬೀಳ್ಬೇಕು ಅಂತ."

ಮಧ್ಯಾಹ್ನ ದೋಣಿ ಹೊರಟಿತು. ದ್ವೀಪದ ಆಸ್ಪತ್ರೆಗೆ ಹೋಗುವ ನರ್ಸಮ್ಮನೂ ಸೇರಿ ಹನ್ನೊಂದು ಜನ. ಹಾಡು ಜೋರಾಗಿತ್ತು. ತಡೆಗೋಡೆ ಕಣ್ಣಿಗೆ ಬೀಳುತ್ತಿದ್ದಂತೆ ಸೊಸೆ ಬಗ್ಗಿ, ಡಬ್ಬಿಯ ಫ್ಯೂಸನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡಳು. ಹಾಡು ಟಕ್ಕನೆ ನಿಂತಿತು.

"ಅಯ್ಯೋ, ತಲೆಗಿಲೆ ಕೆಟ್ಟಿದ್ಯಾ ನಿಂಗೆ? ಇವತ್ತೇ ಬೇಕಿತ್ತಾ ಇದು? ಹಾಕೇ, ಮೊದ್ಲು ಹಾಕು!"

"ನಾನು ಮಾಡಿದ್ದನ್ನ ನಾನೇ ಕೆಡಿಸಿ ನೋಡದೆ ಯಾರ ಕೈಗೂ ಕೊಡಲ್ಲ ಅತ್ತೆ. ನಿಮ್ಮ ಕೈಗೂ ಅಷ್ಟೆ."

ಅತ್ತೆಗೆ ಫ್ಯೂಸನ್ನು ಕಸಿದುಕೊಳ್ಳೋಣವೆಂದರೆ ಚುಕ್ಕಾಣಿ ಬಿಡುವ ಹಾಗಿಲ್ಲ. ತಡೆಗೋಡೆ ಹತ್ತಿರವಾಯಿತು. ಬೆಳಗಿನಿಂದ ನೋಡಿದ ಆ ಕೈಗಳನ್ನು ನೆನೆದು ಅವಳು ಚುಕ್ಕಾಣಿಯನ್ನು ಬಿಗಿಹಿಡಿದಳು. ಇನ್ನೊಮ್ಮೆ 'ಹಾಕು' ಅನ್ನಲಿಲ್ಲ.

ಅಷ್ಟರಲ್ಲಿ ಎಡಬಲಗಳೆರಡರಿಂದಲೂ, ಪಕ್ಕದಲ್ಲೇ ನಿಂತು ಮಾತಾಡಿದ ಹಾಗೆ ಗಂಡುದನಿ: "ದ್ವೀಪದ ದೋಣಿ, ದ್ವೀಪದ ದೋಣಿ, ಬಂದರು ಕರೀತಿದೆ."

ಅತ್ತೆ ಮೈಕ್ ಎತ್ತಿಕೊಂಡಳು. "ದ್ವೀಪದ ದೋಣಿ. ಚೆನ್ನಾಗಿ ಕೇಳಿಸ್ತಿದೆ."

"ಅಬ್ಬ! ಅಂತೂ ಮಾತಾಡಿದ್ರಲ್ಲ. ಪರೀಕ್ಷೆ ಪಾಸು. ಓಡಾಡ್ಕೊಂಡಿರಿ ಅಮ್ಮ."

ಅಷ್ಟಕ್ಕೆ ಮೈಕ್ ಇಡಬೇಕಿತ್ತು. ಅತ್ತೆ ಇಡಲಿಲ್ಲ. ಸೊಸೆಯತ್ತ ಗಲ್ಲ ಎತ್ತಿ ಸನ್ನೆ ಮಾಡಿದಳು. ಫ್ಯೂಸ್ ತನ್ನ ಜಾಗಕ್ಕೆ ಸೇರಿತು, ಹಾಡು ಎದ್ದಿತು.

"ಇನ್ನೊಂದು ಸಲ ಕರಿಯಪ್ಪಾ."

ಅತ್ತ ಕಡೆಯವನಿಗೆ ಅರ್ಥವಾಗಲಿಲ್ಲ. ಆದರೂ ಕರೆದ. ಹಾಡು ಪದದ ನಡುವೆಯೇ ನಿಂತಿತು, ಅವನ ದನಿ ಬಂತು, ಹೋಯಿತು, ಹಾಡು ಮತ್ತೆ ಹರಿಯಿತು. ನರ್ಸಮ್ಮ, "ಎಂಥಾ ಮರ್ಯಾದಸ್ಥ ಹಾಡಮ್ಮ ಇದು! ನಮ್ಮ ಮನೇಲಿ ಇಷ್ಟು ಮರ್ಯಾದೆ ಯಾರಿಗೂ ಇಲ್ಲ" ಅಂದಳು. ಜನ ನಕ್ಕರು.

"ಇನ್ನೊಂದೇ ಸಲ" ಎಂದಳು ಅತ್ತೆ, ಮೈಕಿನಲ್ಲಿ.

"ಅಮ್ಮಾ, ನಂಗೆ ಬೇರೆ ದೋಣಿಗಳೂ ಇವೆ!"

"ಇರ್ಲಿ, ಅವ್ರಿಗೂ ಹೇಳು. ಹೀಗೆ ಯಾರಿಗೆ ಬೇಕಾದ್ರೂ ನನ್ನ ಸೊಸೇನ ಕೇಳ್ಬೇಕು ಅಂತ. ಶೆಡ್ಡಲ್ಲಿ ಸಿಗ್ತಾಳೆ. ಬರ್ಕೊಂಡ್ಯಾ?"

ಸೊಸೆ ನಾಚಿ ಕೆಂಪಾಗಿ ಹಲಗೆಯ ಕೆಳಗೆ ತಲೆ ಹಾಕಿದಳು, ಅಲ್ಲಿ ಬಿಗಿಯುವಂಥ ಸ್ಕ್ರೂ ಒಂದೂ ಉಳಿದಿರದಿದ್ದರೂ.