ಎರಡು ತುದಿಯ ಮರ್ಯಾದೆ

ಶೈತ್ಯಾಗಾರದ ಆಫೀಸಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತ ಸೊಸೆಗೆ ಹೊಸದಾಗಿ ಎಳೆದ ಲೈನಿಗಿಂತ ಮಾವನ ಚಿಂತೆ ದೊಡ್ಡದಾಗಿತ್ತು. ಮಾವ ಕಟ್ಟಡದ ಇನ್ನೊಂದು ತುದಿಯಲ್ಲಿ, ಆಲೂಗಡ್ಡೆ ಮೂಟೆಗಳ ನಡುವೆ, ಸ್ವೆಟರ್ ಮೇಲೆ ಸ್ವೆಟರ್ ತೊಟ್ಟು ನಿಂತಿದ್ದರು. ಅಲ್ಲಿ ತಂಪು ಅಳೆಯುವ ಪೆಟ್ಟಿಗೆಯಿಂದ ಆಫೀಸಿನ ನೆಟ್‌ವರ್ಕ್ ಪೆಟ್ಟಿಗೆಗೆ ಸೀರಿಯಲ್ ಕೇಬಲ್ ಎಳೆದಾಗಿತ್ತು. ಇನ್ನು ಎರಡೂ ಕಡೆಯ ಪೆಟ್ಟಿಗೆಗೆ ಅಂಕಿ ಸಾಗುವ ಒಂದೇ ವೇಗ ಕೂರಿಸಿ, ಅಂಕಿಗಳು ನೆಟ್ಟಗೆ ಬರುತ್ತವೆಯೇ ಎಂದು ನೋಡಿದರೆ ಮುಗಿಯಿತು.

ಬೆಳಿಗ್ಗೆ ತಮ್ಮ ಕೇಬಲ್ ಅಂಗಡಿಯ ಬಾಗಿಲಲ್ಲೇ ಅವಳ ಗಂಡ ಹೇಳಿದ್ದ: “ಹೋದ ಸಲಾನೂ ಅಪ್ಪನಿಂದಲೇ ತಡ ಆಯ್ತು. ಇವತ್ತೂ ಎಡವಟ್ಟಾದ್ರೆ ನಾಳೆಯಿಂದ ಅವರು ಮನೇಲಿರ್ಲಿ.” ಮಾವ ಕೇಳಿಸದವರಂತೆ ಇಕ್ಕಳ ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

ವ್ಯಾನಿನಲ್ಲಿ ಎಂದಿನ ಜಗಳ. ಮಾವನಿಗೆ ಯಾವಾಗಲೂ 9600.

“ನಿಧಾನವೇ ಪ್ರಧಾನ ಕಣಮ್ಮ.”

ಸೊಸೆಗೆ 38400. “ನಿಮ್ಮ ವೇಗದಲ್ಲಿ ಅಂಕಿ ಬರೋ ಹೊತ್ತಿಗೆ ಆಲೂಗಡ್ಡೆ ಮೊಳಕೆ ಬಂದಿರುತ್ತೆ ಮಾವ.”

“ಮೊಳಕೆಗೂ ನಿನ್ನಷ್ಟು ಅವಸರ ಇಲ್ಲ.”

ಎತ್ತು ಏರಿಗೆ, ಕೋಣ ನೀರಿಗೆ. ತೀರ್ಮಾನವಾಗುವ ಮೊದಲೇ ಗೋದಾಮು ಬಂದಿತ್ತು.

ಆದರೆ ಪೆಟ್ಟಿಗೆಯ ಮುಂದೆ ಕೂತಾಗ ಅವಳ ಮನಸ್ಸು ಕರಗಿತು. ಇವತ್ತು ಅವರ ಮಾತೇ ನಡೆಯಲಿ ಎಂದು 9600 ಒತ್ತಿದಳು.

ಇರುವೆ ಸಾಲಿನ ಮೇಲೆ ನೀರು ಸುರಿದಂತೆ ಪರದೆಯ ತುಂಬ ಅಕ್ಷರಗಳು ಚೆಲ್ಲಾಪಿಲ್ಲಿಯಾದವು.

“ಇದು ಯಾವ ಭಾಷೆ?” ಬೆನ್ನ ಹಿಂದೆ ನಿಂತಿದ್ದ ಗೋದಾಮಿನ ಮ್ಯಾನೇಜರ್ ಕೇಳಿದರು. “ಶಾಲೇಲಿ ನಮಗೆ ಇದೊಂದನ್ನು ಕಲಿಸಲಿಲ್ಲ.”

ಅವರೆದುರು ‘ಯಾವ ವೇಗ ಹಾಕಿದ್ರಿ’ ಎಂದರೆ ಮಾವನ ಮರ್ಯಾದೆ ಮೂರು ಕಾಸಾಗುತ್ತದೆ, ಸುದ್ದಿ ಗಂಡನಿಗೂ ಮುಟ್ಟುತ್ತದೆ. ಅವಳು ಫೋನ್ ಮಾಡಿ ಮೆಲ್ಲಗೆ, “ಮಾವ, ಸ್ವಲ್ಪ ಕಸ ಬರ್ತಿದೆ,” ಎಂದಳು.

“ನನ್ ಕಡೆ ಎಲ್ಲಾ ಸರಿ ಇದೆಯಮ್ಮ.”

“ನನ್ ಕಡೇನೂ ಸರಿ ಇದೆ.”

ಪಾಪ, ಮಗನ ಮಾತಿಗೆ ಹೆದರಿ ನನ್ನ ವೇಗ ಹಾಕಿದ್ದಾರೆ ಎಂದುಕೊಂಡು ಅವಳು 38400ಕ್ಕೆ ಬದಲಾಯಿಸಿದಳು. ಮತ್ತೆ ಕಸ. ಮತ್ತೆ ಫೋನ್, ಮತ್ತೆ ಇಬ್ಬರದೂ ಸರಿ. 9600ಕ್ಕೆ ಮರಳಿದಳು. ಕಸವೂ ಮರಳಿತು.

“ನಿಮ್ಮ ಯಜಮಾನರನ್ನೇ ಕೇಳಿಬಿಡ್ಲಾ?” ಮ್ಯಾನೇಜರ್ ಫೋನ್ ಕೈಗೆತ್ತಿಕೊಂಡು ಹೆಸರು ಹುಡುಕತೊಡಗಿದರು.

ಅವಳಿಗೆ ಆಗ ಹೊಳೆಯಿತು. ತಾವಿಬ್ಬರೂ ಹಾಕುವುದು ಎರಡೇ ವೇಗ, ಎರಡನ್ನೂ ನೋಡಿದ್ದಾಯಿತು. ಅಂದರೆ ಆ ತುದಿಯೂ ಸುಮ್ಮನೆ ನಿಂತಿಲ್ಲ. ಇಕ್ಕಟ್ಟಿನ ಓಣಿಯಲ್ಲಿ ಎದುರಾದವರಂತೆ ಇಬ್ಬರೂ ದಾರಿ ಬಿಡಲು ಹೋಗಿ ಒಂದೇ ಪಕ್ಕಕ್ಕೆ ಸರಿಯುತ್ತಿದ್ದಾರೆ.

ಅವಳು ಮತ್ತೆ ಫೋನ್ ಮಾಡಿದಳು. “ಮಾವ, ಪೆಟ್ಟಿಗೆಯಿಂದ ಕೈ ತೆಗೀರಿ.”

“ಏನಮ್ಮ?”

“ಎರಡೂ ಕೈ ಜೇಬಿಗೆ ಹಾಕ್ಕೊಳ್ಳಿ. ನಾನು ಹೇಳೋ ತನಕ ಏನನ್ನೂ ಮುಟ್ಟಬೇಡಿ.”

ಮದುವೆಯಾಗಿ ಬಂದ ಮೇಲೆ ಆ ದನಿ ಅವಳ ಬಾಯಿಂದ ಹೊರಟದ್ದು ಅದೇ ಮೊದಲು. ಹಿಂದೆ ನಿಂತ ಮ್ಯಾನೇಜರ್ ಕೂಡ ಕೈಗಳನ್ನು ಜೇಬಿಗಿಳಿಸಿದರು. ಫೋನಿನಲ್ಲಿ ಮಾವ ತಗ್ಗಿದ ದನಿಯಲ್ಲಿ, “ಮೊದಲು ನಿನ್ನ ವೇಗವನ್ನೇ ಹಾಕಿದ್ದೆ ಕಣಮ್ಮ. ಕಸ ಅಂದೆಯಲ್ಲ, ನಂದಕ್ಕೆ ಬಂದೆ. ಮತ್ತೆ ನಿಂದಕ್ಕೆ ಹೋದೆ,” ಎಂದರು.

ಅವಳು ವೇಗ ಬದಲಾಯಿಸಿದಳು. 3.2 ಡಿಗ್ರಿ. 3.2. 3.3. ಖಾತ್ರಿಗೆಂದು ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದಳು. ಅಂಕಿಗಳು ಮತ್ತೆ ಸಾಲಾಗಿ ಬಂದವು.

ಅಷ್ಟರಲ್ಲಿ ಗಂಡನ ಫೋನ್. ಕೈ ಜೇಬಿಗಿಳಿಸುವಾಗ ಬೆರಳು ತಾಗಿ ಮ್ಯಾನೇಜರರ ಮಿಸ್ಡ್ ಕಾಲ್ ಅವನಿಗೆ ಹೋಗಿತ್ತು. “ಏನಂತೆ? ಅಪ್ಪ ಏನ್ ಮಾಡಿದ್ರು?”

ಆಫೀಸಿನ ಬಾಗಿಲಿಗೆ ಮಾವ ಬಂದು ನಿಂತಿದ್ದರು. ಮೂಗು ಕೆಂಪಗಾಗಿತ್ತು. ಗೋಡೆಯ ಕ್ಯಾಲೆಂಡರನ್ನು ಜೀವಮಾನದಲ್ಲೇ ನೋಡಿರದವರಂತೆ ನೋಡುತ್ತಿದ್ದರು.

“ಮಾವ ನಾನು ಹೇಳಿದ್ದು ಕೇಳಿದ್ರು,” ಎಂದಳು ಸೊಸೆ. “ನಿಮ್ಮ ಮನೇಲಿ ಈವರೆಗೆ ಯಾವ ಗಂಡಸೂ ಮಾಡದ ಕೆಲಸ. ನಾಳೇನೂ ಅವರೇ ನನ್ ಜೊತೆ ಬರ್ತಾರೆ. ಯಾರಾದ್ರೂ ಮನೇಲಿರ್ಲೇಬೇಕು ಅಂದ್ರೆ ನೀವಿರಿ.”

ಫೋನು ಮೂಕವಾಯಿತು. ಮ್ಯಾನೇಜರ್ ಬಗ್ಗಿ, “ಲೈನ್ ಕಟ್ಟಾಯ್ತಾ?” ಎಂದು ಪಿಸುಗುಟ್ಟಿದರು.

“ಇಲ್ಲ ಸಾರ್,” ಎಂದಳು ಅವಳು. “ತಲುಪಿದೆ.”