ಟವೆಲ್ ಪಟ್ಟಿ

ನಮ್ಮ ಕೈಗವಸಿಗೆ ಕಾಗವಾಡದಲ್ಲಿ ಸಿಕ್ಕಿದ್ದು ಎಂಟೇ ದಿನದ ಪರೀಕ್ಷೆ. ದ್ರಾಕ್ಷಿ ಗೊಂಚಲುಗಳನ್ನು ಔಷಧದ ನೀರಿನಲ್ಲಿ ಅದ್ದುವ ಕೆಲಸ ಅಷ್ಟು ದಿನ ಮಾತ್ರ ಇರುತ್ತದೆ. ಅಷ್ಟರಲ್ಲಿ ಅದ್ದುವ ಹೆಣ್ಣುಮಕ್ಕಳು ಒಪ್ಪದಿದ್ದರೆ ನಾನೂ ಅಭಿನಂದನನೂ ಶುರುಮಾಡಿದ ಕಂಪನಿಗೆ ಬೀಗ. ನಾನು ಮತ್ತೆ ಊರವರ ಕುಬಸ ಹೊಲಿಯಲು ಕೂರಬೇಕು.

ಅಭಿನಂದನ ದ್ರಾಕ್ಷಿ ತೋಟದವರ ಮಗ, ಇಂಜಿನಿಯರ್. ನಾನು ಸಾಯಿರಾ, ಹೊಲಿಗೆಯವಳು. ಕೈಗವಸು ತೊಟ್ಟವರು ಎಷ್ಟು ಗೊಂಚಲು ಅದ್ದಿದರೆಂಬ ಎಣಿಕೆ ಮೊಬೈಲಿನಲ್ಲಿ ಬರುತ್ತಿತ್ತು. ಪುಣೆಯ ಹೂಡಿಕೆದಾರರು ವಿಡಿಯೋ ನೋಡಿಯೇ ಬೆರಗಾಗಿದ್ದರು. ಮುಂಗೈ ಮೇಲಿನ ಎಣಿಕೆಯ ಯಂತ್ರಕ್ಕೆ ನೀರು ತಾಗಬಾರದೆಂದು ನಾನು ಮಣಿಕಟ್ಟಿಗೆ ದಪ್ಪ ಟವೆಲ್ ಬಟ್ಟೆಯ ಪಟ್ಟಿ ಹೊಲಿದಿದ್ದೆ. ಅದನ್ನು ಯಾರೂ ಹೊಗಳಿರಲಿಲ್ಲ.

ಮೂರನೆಯ ದಿನ ಮೊಬೈಲಿನಲ್ಲಿ ಸೊನ್ನೆ. ತೋಟಕ್ಕೆ ಓಡಿದೆವು. ಹನ್ನೆರಡು ಕೈಗವಸುಗಳೂ ತಂತಿಯ ಮೇಲೆ ನೇತಾಡುತ್ತಿದ್ದವು. ಹೆಣ್ಣುಮಕ್ಕಳು ಔಷಧದ ಮಗ್ಗು ಎತ್ತೆತ್ತಿ ತಲೆಯ ಮೇಲಿನ ಗೊಂಚಲು ಅದ್ದುತ್ತಲೇ ಇದ್ದರು. ಅವರ ಮಣಿಕಟ್ಟಿನಲ್ಲಿ ನನ್ನ ಪಟ್ಟಿ ಮಾತ್ರ ಇತ್ತು. ಗೊಂಚಲಿನ ಹೆಚ್ಚಿನ ಕಾಯಿ ತೆಗೆಯುವ ಕತ್ತರಿಯಿಂದ ಅದನ್ನಷ್ಟೇ ನೀಟಾಗಿ ಕತ್ತರಿಸಿಕೊಂಡಿದ್ದರು.

ಅಭಿನಂದನ ಕೆಂಡವಾದ. ತಂಡದ ಹಿರಿಯಳು ದುಂಡವ್ವ ಮಗ್ಗು ಕೆಳಗಿಡದೆ ಹೇಳಿದಳು:

"ಕೈ ಎತ್ತಿದ್ರ ಔಷಧದ ನೀರು ಮೊಣಕೈ ದಾಟಿ ಬಗಲಾಗ ಇಳಿತೈತ್ರಿ. ಇಪ್ಪತ್ತ ವರ್ಷ ಹಸಿ ಕುಬಸದಾಗ ನಿಂತೇವಿ. ಈ ಪಟ್ಟಿ ಅದನ್ನ ತಡಿಯಾಕತ್ತೈತಿ. ಎಣಸೂದು ನಿಮಗ ಬೇಕಾಗಿತ್ತು, ನಮಗಲ್ಲ."

ನನಗೆ ನಾಚಿಕೆಯಾಯಿತು. ನನ್ನ ಅಮ್ಮಿ ಹಸೀನಾ ಪಕ್ಕದೂರಿನ ತಂಡದಲ್ಲಿ ಈಗಲೂ ಇದೇ ಕೆಲಸಕ್ಕೆ ಹೋಗುತ್ತಾಳೆ. ಮನೆಗೆ ಬಂದವಳೇ ಸೆರಗಿನಿಂದ ಬಗಲು ಒರೆಸಿಕೊಳ್ಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೂ ಯಂತ್ರ ನೆನೆಯುತ್ತದೆಂದು ಹೆದರಿದೆನೇ ಹೊರತು ಅಮ್ಮಿ ನೆನೆಯುತ್ತಾಳೆಂದು ಹೊಳೆಯಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ.

ವಾಪಸು ಬರುವಾಗಲೇ ಹೇಳಿಬಿಟ್ಟೆ, ಇನ್ನು ಮುಂದೆ ಪಟ್ಟಿ ಮಾತ್ರ. ಟವೆಲ್ ತುಂಡು ತೋರಿಸಿದರೆ ಪುಣೆಯವರು ನಗುತ್ತಾರೆ ಎಂದ ಅಭಿನಂದನ.

"ನಗಲಿ. ಅವರೇನು ದ್ರಾಕ್ಷಿ ಅದ್ದಾಕ ಬರ್ತಾರನು?" ಎಂದೆ.

ಅವರು ನಕ್ಕರು. ಬಹಳ ಮರ್ಯಾದೆಯಿಂದ ನಕ್ಕು ಫೋನಿಟ್ಟರು. ಆಮೇಲೆ ಅಭಿನಂದನ ಬಂದು ನನ್ನ ಕತ್ತರಿ ಕೈಗೆತ್ತಿಕೊಂಡು, ಪಟ್ಟಿ ಎಷ್ಟು ಅಗಲ ಇರಬೇಕು ಎಂದು ಕೇಳಿದ. ದುಂಡವ್ವನನ್ನೇ ಕೇಳಿದೆವು. ನಾಲ್ಕು ಬೆರಳು, ಎರಡು ಪದರು, ಒಂದು ಎಲಾಸ್ಟಿಕ್. ನೆನೆದರೆ ಹಿಂಡಿ ಮತ್ತೆ ಹಾಕಿಕೊಳ್ಳಬೇಕು, ಅಷ್ಟೇ. ಆ ದಿನದಿಂದ ಮಷೀನು ನಿಲ್ಲಿಸಲಿಲ್ಲ. ಹೊಲಿದದ್ದನ್ನು ತಂಡದಿಂದ ತಂಡಕ್ಕೆ ನಾನೇ ಹೊತ್ತೊಯ್ದೆ. ವಿಡಿಯೋ ಬೇಕಾಗಲಿಲ್ಲ, ಒಬ್ಬಳು ಹಾಕಿಕೊಂಡರೆ ಪಕ್ಕದ ಸಾಲಿನವಳು ಕೈ ಚಾಚುತ್ತಿದ್ದಳು. ಎಂಟನೆಯ ದಿನ ಅಥಣಿ ಕಡೆಯ ತೋಟದವರು ಮುಂದಿನ ಹಂಗಾಮಿಗೆಂದು ಆರುನೂರು ಜೊತೆ ಹೇಳಿಹೋದರು. ಕಂಪನಿಗೆ ಬೀಗ ಬೀಳಲಿಲ್ಲ.

ಅಮ್ಮಿಯ ತಂಡಕ್ಕೆ ಪಟ್ಟಿ ಮುಟ್ಟಿದ್ದೂ ಅಂದೇ; ಸಂಜೆ ಅವಳು ಅದನ್ನು ಹಾಕಿಕೊಂಡೇ ಮನೆಗೆ ಬಂದಳು. ರೂಢಿಯಂತೆ ಸೆರಗು ಬಗಲಿಗೆ ಒಯ್ದವಳು ತಡೆದು, ಕುಬಸ ಮುಟ್ಟಿ ನೋಡಿಕೊಂಡಳು. ನೆನೆದೇ ಇರಲಿಲ್ಲ.

"ಹತ್ತ ವರ್ಷ ಆತು ನೀ ಮಷೀನಿಗೆ ಕುಂತು," ಎಂದಳು. "ಇದನ್ನ ಮೊದಲ ಯಾಕ ಹೊಲಿಲಿಲ್ಲ ಬೇಟಾ?"